ಆರು ಭಾನುವಾರಗಳ ಆರೋಗ್ಯ ಮನೋವಿಜ್ಞಾನ ತರಬೇತಿ: ಔಷಧ ಅಂಗಡಿಯವನೊಬ್ಬನ ವಿಮರ್ಶೆ

ಹೊನ್ನಾವರದಲ್ಲಿ ಇಪ್ಪತ್ತೆರಡು ವರ್ಷಗಳಿಂದ ಔಷಧ ಅಂಗಡಿ ನಡೆಸುತ್ತಿದ್ದೇನೆ. ರಕ್ತದೊತ್ತಡಕ್ಕೆ ಗುಳಿಗೆ ಬರೆಸಿಕೊಂಡು ಬಂದವರು ಮೊದಲ ತಿಂಗಳು ವೈದ್ಯರು ಬರೆದಷ್ಟನ್ನೂ ಒಯ್ಯುತ್ತಾರೆ, ಎರಡನೆಯ ತಿಂಗಳು ಅರ್ಧ ಶೀಟು ಕೇಳುತ್ತಾರೆ, ಮೂರನೆಯ ತಿಂಗಳು ಅಂಗಡಿಯ ಮುಂದೆ ಹಾದುಹೋಗುವಾಗ ಮುಖವನ್ನು ಆಚೆ ತಿರುಗಿಸಿಕೊಳ್ಳುತ್ತಾರೆ. ಇದಕ್ಕೆ ಇಷ್ಟು ವರ್ಷ ನಾನು ಹೇಳಿಕೊಂಡು ಬಂದ ಕಾರಣ ಒಂದೇ: ಜನಕ್ಕೆ ತಿಳುವಳಿಕೆ ಸಾಲದು. ಕಳೆದ ವರ್ಷ ದೀಪಾವಳಿ ಕಳೆದ ಮರುವಾರದಿಂದ ಕುಮಟಾದಲ್ಲಿ ಆರು ಭಾನುವಾರ ನಡೆದ ತರಬೇತಿಗೆ ಹೆಸರು ಕೊಟ್ಟಾಗಲೂ, ಆ ತಿಳುವಳಿಕೆಯನ್ನು ಇನ್ನಷ್ಟು ಚೆನ್ನಾಗಿ ತುಂಬುವ ಉಪಾಯ ಸಿಕ್ಕೀತೆಂಬ ಆಸೆಯಷ್ಟೇ ನನಗಿತ್ತು. ಎರಡನೆಯ ಭಾನುವಾರದ ಮಧ್ಯಾಹ್ನದ ಹೊತ್ತಿಗೆ ಆ ಕಾರಣದ ಮೇಲೇ ನನಗೆ ಅನುಮಾನ ಹುಟ್ಟಿತ್ತು. ಈ ತರಬೇತಿಯ ಬಗ್ಗೆ ನಾನು ಹೇಳಬಹುದಾದ ದೊಡ್ಡ ಮೆಚ್ಚುಗೆ ಅದೇ ಆಗಿರುವುದರಿಂದ ಮೊದಲೇ ಹೇಳಿಬಿಟ್ಟಿದ್ದೇನೆ; ಮುಂದೆ ಬರುವ ದೂರುಗಳನ್ನು ಅದರ ಜೊತೆಯಲ್ಲಿಟ್ಟು ಓದಬೇಕು.

ದೂರುಗಳೂ ಇರುವುದರಿಂದ ನಡೆಸಿದ ಸಂಸ್ಥೆಯ ಹೆಸರನ್ನು ಬರೆಯುತ್ತಿಲ್ಲ. ಜಿಲ್ಲೆಯ ಆರೋಗ್ಯ ಕ್ಷೇತ್ರದಲ್ಲಿರುವವರಿಗೆ ಅದು ಯಾವುದೆಂದು ತಿಳಿಯುವುದು ಕಷ್ಟವಲ್ಲ. ಶುಲ್ಕ 2,400 ರೂಪಾಯಿ. ಅದರಲ್ಲಿ ಊಟ, ಎರಡು ಹೊತ್ತಿನ ಚಹಾ ಮತ್ತು ಒಂದು ಕೈಪಿಡಿ ಸೇರಿತ್ತು. ನಾವಿದ್ದದ್ದು ಮೂವತ್ತು ಜನ: ಆಶಾ ಕಾರ್ಯಕರ್ತೆಯರು, ಕಾರವಾರದ ಇಬ್ಬರು ಶುಶ್ರೂಷಕಿಯರು, ಶಿರಸಿ ಮತ್ತು ಸಿದ್ದಾಪುರದ ಕಡೆಯ ಪ್ರೌಢಶಾಲಾ ಶಿಕ್ಷಕರು, ನನ್ನಂಥ ಮೂವರು ಔಷಧ ವ್ಯಾಪಾರಿಗಳು, ದಂತವೈದ್ಯರೊಬ್ಬರು. ಘಟ್ಟದ ಮೇಲಿನವರೂ ಕರಾವಳಿಯವರೂ ಒಂದೇ ಕೋಣೆಯಲ್ಲಿದ್ದುದರ ಲಾಭವನ್ನು ಸಂಸ್ಥೆ ಮೊದಲೇ ಎಣಿಸಿತ್ತೋ ಇಲ್ಲವೋ ಹೇಳಲಾರೆ, ತರಗತಿಗೆ ಜೀವ ಬಂದದ್ದಂತೂ ಬಹುಪಾಲು ಅದರಿಂದಲೇ.

ಪಾಠ ಮಾಡಿದವರು ಇಬ್ಬರು. ಧಾರವಾಡದ ಕಡೆ ಮನೋವಿಜ್ಞಾನ ಬೋಧಿಸಿ ಅನುಭವವಿದ್ದ ಮೇಡಂ ನಾಲ್ಕು ಭಾನುವಾರಗಳನ್ನು ನಿರ್ವಹಿಸಿದರು. ಸರ್ಕಾರಿ ಸೇವೆಯಿಂದ ನಿವೃತ್ತರಾದ ವೈದ್ಯರು ಎರಡನ್ನು. ಈ ಇಬ್ಬರ ಪಾಠಗಳ ನಡುವಿನ ಅಂತರ ಬಹಳ ದೊಡ್ಡದು. ಹಾಗಾಗಿ ಇಡೀ ತರಬೇತಿಗೆ ಒಂದೇ ಅಂಕ ಕೊಡಲು ನನ್ನಿಂದಾಗದು.

ಮೊದಲ ದಿನ ಮೇಡಂ ಯಾವ ವ್ಯಾಖ್ಯೆಯನ್ನೂ ಬರೆಯಿಸದೆ ಒಂದು ಹಳೆಯ ಸಂಗತಿಯಿಂದ ಆರಂಭಿಸಿದರು. 1950ರ ದಶಕದಲ್ಲಿ ಅಮೆರಿಕದ ಸಾರ್ವಜನಿಕ ಆರೋಗ್ಯ ಸೇವೆಯವರು ಕ್ಷಯರೋಗವನ್ನು ಬೇಗ ಪತ್ತೆ ಮಾಡಲೆಂದು ಎಕ್ಸ್‌ರೇ ಯಂತ್ರವನ್ನು ವಾಹನದಲ್ಲಿಟ್ಟು ಜನರ ಬೀದಿಗೇ ಕಳುಹಿಸಿದರು. ಖರ್ಚಿಲ್ಲ, ದೂರವಿಲ್ಲ, ಆದರೂ ನಿರೀಕ್ಷಿಸಿದಷ್ಟು ಜನ ಬರಲಿಲ್ಲ. ಏಕೆಂದು ಕೇಳಲು ಹೊರಟ ಸಾಮಾಜಿಕ ಮನೋವಿಜ್ಞಾನಿಗಳಿಂದ ‘ಆರೋಗ್ಯ ನಂಬಿಕೆ ಮಾದರಿ’ ಎಂದು ಇಂದು ಕರೆಯುವ ಚೌಕಟ್ಟು ಹುಟ್ಟಿತು. ಅವರಲ್ಲೊಬ್ಬರಾದ ಗಾಡ್‌ಫ್ರೀ ಹಾಕ್‌ಬಾಮ್ 1958ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಈ ರೋಗ ನನಗೂ ಬರಬಹುದು ಎಂಬ ಅನಿಸಿಕೆ ಮತ್ತು ಬೇಗ ಪತ್ತೆಯಾದರೆ ಅನುಕೂಲವಿದೆ ಎಂಬ ನಂಬಿಕೆ ಎರಡೂ ಇದ್ದವರಲ್ಲಿ ಶೇಕಡಾ 82ರಷ್ಟು ಜನ ತಾವಾಗಿಯೇ ಎಕ್ಸ್‌ರೇ ತೆಗೆಸಿಕೊಂಡಿದ್ದರು. ಎರಡೂ ಇಲ್ಲದವರಲ್ಲಿ ಹಾಗೆ ಮಾಡಿದವರು ಶೇಕಡಾ 21. ಅಂಕಿಗಳನ್ನು ಹಲಗೆಯ ಮೇಲೆ ಬರೆದು ಮೇಡಂ ಕೇಳಿದ ಪ್ರಶ್ನೆ ಚೆನ್ನಾಗಿತ್ತು: ಎರಡೂ ನಂಬಿಕೆ ಇಲ್ಲದೆಯೂ ಹೋದ ಆ ಇಪ್ಪತ್ತೊಂದು ಮಂದಿ ಯಾಕೆ ಹೋದರು? ಹೆಂಡತಿಯ ಒತ್ತಾಯಕ್ಕೆ ಎಂದರು ಒಬ್ಬರು. ಕೆಲಸದ ಜಾಗದಲ್ಲಿ ಕೇಳಿರಬಹುದು ಎಂದರು ಇನ್ನೊಬ್ಬರು. ದಾರಿಯಲ್ಲೇ ಗಾಡಿ ನಿಂತಿತ್ತಲ್ಲ ಎಂದರು ದಂತವೈದ್ಯರು. ಮುಂದಿನ ಐದು ವಾರಗಳ ಪಾಠವೆಲ್ಲ ಈ ಮೂರು ಉತ್ತರಗಳ ಒಳಗೇ ಇತ್ತೆಂದು ಈಗ ಅನ್ನಿಸುತ್ತದೆ.

ಕೈಪಿಡಿಯ ಬಗ್ಗೆ ಇಲ್ಲಿಯೇ ಒಂದು ಮಾತು. ಅದನ್ನು ಕನ್ನಡದಲ್ಲಿ ಅಚ್ಚು ಹಾಕಿಸಿದ್ದಾರೆ, ಸಂತೋಷ. ಆದರೆ ‘ಗ್ರಹಿತ ದುರ್ಬಲತೆ’, ‘ಕ್ರಿಯೆಗೆ ಸೂಚನಾಂಶಗಳು’ ಎಂಬಂಥ ಪದಗಳನ್ನು ಓದಿದಾಗ ಕನ್ನಡ ಬಲ್ಲವರಿಗೂ ಅರ್ಥವಾಗುವುದು ಇಂಗ್ಲಿಷ್ ಮೂಲವನ್ನು ನೆನಪಿಸಿಕೊಂಡ ಮೇಲೆಯೇ. ‘ಗ್ರಹಿತ ದುರ್ಬಲತೆ’ ಎಂದರೆ ರಕ್ತಹೀನತೆಯೇ ಎಂದು ಅಂಕೋಲಾದ ಆಶಾ ಕಾರ್ಯಕರ್ತೆಯೊಬ್ಬರು ಪ್ರಾಮಾಣಿಕವಾಗಿಯೇ ಕೇಳಿದರು. ‘ನನಗೂ ಬರಬಹುದೆಂಬ ಅನಿಸಿಕೆ’ ಎಂದು ಕಾರವಾರದ ಶುಶ್ರೂಷಕಿ ಸೂಚಿಸಿದ ಮಾತನ್ನು ಮೇಡಂ ಹಲಗೆಯ ಮೇಲೆ ಬರೆದು ಕೊನೆಯವರೆಗೂ ಅದನ್ನೇ ಬಳಸಿದರು. ಉದಾಹರಣೆಗಳೂ ಹಾಗೆಯೇ: ಪುಸ್ತಕದಲ್ಲಿ ವ್ಯಾಯಾಮವೆಂದರೆ ಜಿಮ್, ತರಕಾರಿಯೆಂದರೆ ಬ್ರೊಕೊಲಿ. ದಿನಕ್ಕೆ ನಲವತ್ತು ಅಡಿಕೆ ಮರ ಹತ್ತುವವನ ಮೊಣಕಾಲು ನೋವಿಗೆ ಆ ಪುಟಗಳಲ್ಲಿ ಜಾಗವಿಲ್ಲ.

ಎರಡನೆಯ ಭಾನುವಾರದ ವಿಷಯ ಭಯ. ನನ್ನ ಅಂಗಡಿಯ ಗೋಡೆಯ ಮೇಲೆ ಬಾಯಿ ಕ್ಯಾನ್ಸರಿನ ಭೀಕರ ಚಿತ್ರವೊಂದನ್ನು ವರ್ಷಗಳಿಂದ ಅಂಟಿಸಿಟ್ಟಿದ್ದೇನೆ. ತಂಬಾಕಿನ ಪೊಟ್ಟಣಗಳ ಎರಡೂ ಬದಿಯ ಶೇಕಡಾ 85ರಷ್ಟು ಭಾಗದಲ್ಲಿ ಎಚ್ಚರಿಕೆಯ ಚಿತ್ರ ಇರಬೇಕೆಂಬ ನಿಯಮ 2016ರ ಏಪ್ರಿಲ್‌ನಿಂದ ಜಾರಿಯಲ್ಲಿದೆ; 2017ರ ಡಿಸೆಂಬರಿನಲ್ಲಿ ನಮ್ಮ ಉಚ್ಚ ನ್ಯಾಯಾಲಯ ಅದನ್ನು ರದ್ದು ಮಾಡಿದಾಗ ಮರುತಿಂಗಳೇ ಸುಪ್ರೀಂ ಕೋರ್ಟು ಆ ತೀರ್ಪಿಗೆ ತಡೆ ನೀಡಿತು. ಚಿತ್ರ ದೊಡ್ಡದಾದಷ್ಟೂ ಒಳ್ಳೆಯದೆಂದು ನಂಬಿದ್ದ ನನಗೆ ಮೇಡಂ ಹೇಳಿದ ಪ್ರಯೋಗ ಹೊಸದು. 1965ರಲ್ಲಿ ಹೋವರ್ಡ್ ಲೆವೆಂಥಾಲ್ ಮತ್ತು ಸಂಗಡಿಗರು ಯೇಲ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳಿಗೆ ಧನುರ್ವಾಯುವಿನ ಕುರಿತ ಕಿರುಪುಸ್ತಕ ಕೊಟ್ಟರು. ಕೆಲವರಿಗೆ ಹೆದರಿಸುವ ಚಿತ್ರಗಳಿದ್ದ ಪುಸ್ತಕ, ಕೆಲವರಿಗೆ ಸೌಮ್ಯವಾದದ್ದು. ಹೆಚ್ಚು ಹೆದರಿದವರು ಲಸಿಕೆ ಹಾಕಿಸಿಕೊಳ್ಳುವ ಇಚ್ಛೆಯನ್ನು ಹೆಚ್ಚಾಗಿ ತೋರಿದರು. ಆದರೆ ನಿಜವಾಗಿ ಹೋಗಿ ಹಾಕಿಸಿಕೊಳ್ಳುವುದರಲ್ಲಿ ಎರಡು ಗುಂಪುಗಳ ನಡುವೆ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ. ವ್ಯತ್ಯಾಸ ತಂದದ್ದು ಬೇರೆಯದೇ: ಕೆಲವರ ಕೈಗೆ ಚಿಕಿತ್ಸಾಲಯವನ್ನು ಗುರುತು ಮಾಡಿದ ನಕ್ಷೆ ಕೊಟ್ಟು, ನಿಮ್ಮ ವಾರದ ದಿನಚರಿಯಲ್ಲಿ ಯಾವಾಗ ಆ ಕಡೆ ಹೋಗುತ್ತೀರಿ ನೋಡಿಕೊಳ್ಳಿ ಎಂದು ಹೇಳಲಾಗಿತ್ತು. ಹಾಗೆ ಹೇಳಿಸಿಕೊಂಡವರಲ್ಲಿ ಸುಮಾರು ಶೇಕಡಾ 28ರಷ್ಟು ಜನ ಹೋಗಿ ಚುಚ್ಚಿಸಿಕೊಂಡರೆ, ಉಳಿದವರಲ್ಲಿ ಹೋದವರು ಶೇಕಡಾ 3ರಷ್ಟು. ಚಿಕಿತ್ಸಾಲಯ ಎಲ್ಲಿದೆಯೆಂಬುದು ಆ ಹುಡುಗರಿಗೆ ಗೊತ್ತಿರಲಿಲ್ಲ ಎಂದಲ್ಲ. ಭಾಗವಹಿಸಿದವರ ಸಂಖ್ಯೆ ಚಿಕ್ಕದು, ಇದೊಂದನ್ನೇ ನೆಚ್ಚಿಕೊಂಡು ಮನೆ ಕಟ್ಟಬೇಡಿ ಎಂದು ಮೇಡಂ ಎಚ್ಚರಿಸಿದರು. ನನಗೆ ಆ ಎಚ್ಚರಿಕೆ ಪ್ರಯೋಗದಷ್ಟೇ ಮೆಚ್ಚುಗೆಯಾಯಿತು. ಪೀಟರ್ ಗೋಲ್ವಿಟ್ಜರ್ 1999ರಲ್ಲಿ ವಿವರಿಸಿದ ‘ಇಂಥ ಹೊತ್ತು ಬಂದರೆ ಇಂಥದ್ದು ಮಾಡುತ್ತೇನೆ’ ಎಂಬ ನಿಶ್ಚಯದ ಪಾಠವೂ ಇದಕ್ಕೇ ಹೊಂದಿಕೊಂಡು ಬಂತು.

ಇಡೀ ತರಬೇತಿಯಲ್ಲಿ ಅತ್ಯುತ್ತಮವೆನಿಸಿದ ಎರಡು ಗಂಟೆಗಳು ಇದರ ನಂತರ ಬಂದವು. ಸಿದ್ದಾಪುರದ ಒಳಹಳ್ಳಿಯೊಂದರಿಂದ ಬಂದಿದ್ದ ಆಶಾ ಕಾರ್ಯಕರ್ತೆ ಮಂಗನ ಕಾಯಿಲೆಯ ವಿಚಾರ ತೆಗೆದರು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಲಾದ ಈ ರೋಗ ಉಣುಗಿನ ಕಡಿತದಿಂದ ಹರಡುತ್ತದೆ. ಚಳಿಗಾಲದ ಕೊನೆಯಿಂದ ಬೇಸಿಗೆಯವರೆಗೆ, ಸರಿಯಾಗಿ ಜನ ದರಕು (ಉದುರಿದ ಒಣ ಎಲೆ) ತರಲು ಬೆಟ್ಟಕ್ಕೆ ಹೋಗುವ ಕಾಲದಲ್ಲೇ, ಅದರ ಉಪದ್ರವ ಹೆಚ್ಚು. ಹಿಂದೆ ಕೊಡುತ್ತಿದ್ದ ಲಸಿಕೆ ಸಾಕಷ್ಟು ರಕ್ಷಣೆ ಕೊಡುತ್ತಿಲ್ಲವೆಂದು 2022ರಲ್ಲಿ ನಿಂತಿತು. ಈಗ ಆರೋಗ್ಯ ಇಲಾಖೆ ಕೊಡುವ, ಉಣುಗನ್ನು ದೂರವಿಡುವ ಡೆಪಾ ತೈಲವನ್ನು ಕೈಕಾಲಿಗೆ ಹಚ್ಚಿಕೊಂಡು ಬೆಟ್ಟಕ್ಕೆ ಹೋಗಬೇಕು, ಬಂದ ಮೇಲೆ ಬಿಸಿನೀರಿನ ಸ್ನಾನ ಮಾಡಿ ಬಟ್ಟೆ ಒಗೆಯಬೇಕು. ಆ ತಾಯಿ ಹೇಳಿದ್ದು ಇಷ್ಟು: ‘ಬಾಟಲಿ ಪ್ರತಿ ಮನೆಗೆ ಮುಟ್ಟಿಸಿದ್ದೇನೆ, ಪ್ರತಿ ಮನೆಯ ಗೂಡಿನಲ್ಲೂ ಅದು ಹಾಗೆಯೇ ತುಂಬಿ ಕುಳಿತಿದೆ. ಕಾಯಿಲೆ ಗೊತ್ತಿಲ್ಲದವರು ನಮ್ಮೂರಲ್ಲಿ ಯಾರೂ ಇಲ್ಲ. ಸತ್ತವರ ಮನೆಯವರೂ ಹಚ್ಚಿಕೊಳ್ಳುವುದಿಲ್ಲ.’

ಮೇಡಂ ಈ ಮಾತನ್ನು ಯಾವ ಸಿದ್ಧಾಂತದ ಪೆಟ್ಟಿಗೆಗೂ ತುರುಕಲು ಅವಸರ ಮಾಡಲಿಲ್ಲ. ಬೆಟ್ಟಕ್ಕೆ ಹೋಗುವ ದಿನ ಬೆಳಗ್ಗೆ ಎದ್ದಾಗಿನಿಂದ ಏನೇನು ನಡೆಯುತ್ತದೆ, ಒಂದೊಂದಾಗಿ ಹೇಳಿ ಎಂದರು. ಎದ್ದು ಕೊಟ್ಟಿಗೆ ಕೆಲಸ, ದೋಸೆ, ಚಹಾ, ಕವಳ (ಎಲೆ ಅಡಿಕೆ). ಆಮೇಲೆ ಹಾಳೆಟೊಪ್ಪಿ ತಲೆಗೆ, ಕತ್ತಿ ಸೊಂಟದ ಕೊಕ್ಕೆಗೆ, ಹಗ್ಗ ಹೆಗಲಿಗೆ. ತೈಲ ಮಾತ್ರ ಒಳಮನೆಯ ಗೂಡಿನಲ್ಲಿ, ಮಕ್ಕಳ ಕೈಗೆ ಸಿಗದಷ್ಟು ಎತ್ತರದಲ್ಲಿ. ಹಚ್ಚಿಕೊಂಡರೆ ಮೈಯೆಲ್ಲ ಜಿಡ್ಡು, ದರಕಿನ ದೂಳು ಅಂಟಿ ತುರಿಕೆ. ಸಂಜೆ ಸ್ನಾನವಂತೂ ಇದ್ದೇ ಇದೆ, ಹಾಗಾಗಿ ಅದೇ ಸಾಕೆಂಬ ಸಮಾಧಾನ. ಇಷ್ಟು ವಿವರ ಹೊರಬಿದ್ದ ಮೇಲೆ ತರಗತಿಯೇ ಉತ್ತರ ಹುಡುಕಿತು: ಬಾಟಲಿಗೆ ದಾರ ಕಟ್ಟಿ ಕತ್ತಿ ನೇತುಹಾಕುವ ಮೊಳೆಗೇ ತೂಗಿಸುವುದು, ಕತ್ತಿ ತೆಗೆದಾಗ ತೈಲ ಎಂದು ಮನೆಯ ಹೆಂಗಸರಿಂದಲೇ ಹೇಳಿಸುವುದು, ಬಾಟಲಿ ಕೊಟ್ಟ ದಿನ ಅಂಗಳದಲ್ಲಿ ನಿಂತು ಒಮ್ಮೆ ಹಚ್ಚಿಸಿಯೇ ಬರುವುದು. ತನ್ನ ಕೈಯಲ್ಲಿ ಇದು ಸಾಧ್ಯ ಎಂಬ ನಂಬಿಕೆಗೆ ಅತಿ ದೊಡ್ಡ ಆಧಾರ ತಾನೇ ಒಮ್ಮೆ ಮಾಡಿ ನೋಡಿದ ಅನುಭವ ಎಂದು ಆಲ್ಬರ್ಟ್ ಬಂಡೂರ 1977ರಲ್ಲಿ ವಾದಿಸಿದ್ದನ್ನು ಮೇಡಂ ಆಗ, ಆಗ ಮಾತ್ರ, ಹೇಳಿದರು. ಸಿದ್ಧಾಂತವನ್ನು ಕಲಿಸಬೇಕಾದ ಕ್ರಮ ಇದೇ ಎಂದು ನನ್ನ ಮತ. ಮೊಳೆಗೆ ತೂಗಿಸಿದ ಬಾಟಲಿಗಳು ಬೇಸಿಗೆಯಲ್ಲಿ ಖಾಲಿಯಾದವೇ ಎಂದು ಯಾರೂ ಮರಳಿ ವಿಚಾರಿಸುವ ಏರ್ಪಾಡು ಮಾತ್ರ ಸಂಸ್ಥೆಯಲ್ಲಿ ಇರಲಿಲ್ಲ.

ಮೂರನೆಯ ಭಾನುವಾರ ನಿವೃತ್ತ ವೈದ್ಯರದು. ಅವರ ಅನುಭವದ ಬಗ್ಗೆ ಗೌರವವಿದೆ. ಅವರ ಮೂರು ಗಂಟೆಗಳ ಇಂಗ್ಲಿಷ್ ಸ್ಲೈಡುಗಳ ಬಗ್ಗೆ ಇಲ್ಲ. ಉಪ್ಪು ದಿನಕ್ಕೆ ಐದು ಗ್ರಾಮಿಗಿಂತ ಕಡಿಮೆ ಇರಬೇಕೆಂಬ ವಿಶ್ವ ಆರೋಗ್ಯ ಸಂಸ್ಥೆಯ ಸಲಹೆಯನ್ನು ಓದಿ ಹೇಳಿದರು, ಸರಿ. ಮಳೆಗಾಲಕ್ಕೆಂದು ಒಣಮೀನನ್ನೂ ಮಾವಿನಮಿಡಿಯನ್ನೂ ಉಪ್ಪಿನಲ್ಲೇ ಕಾಪಿಡುವ ಮನೆಯಲ್ಲಿ, ಅಡುಗೆ ಮಾಡುವವರು ಒಬ್ಬರು, ರಕ್ತದೊತ್ತಡ ಇರುವವರು ಇನ್ನೊಬ್ಬರು ಆಗಿರುವಾಗ, ಆ ಐದು ಗ್ರಾಮನ್ನು ಅಳೆಯುವವರು ಯಾರು ಎಂದು ಶಿಕ್ಷಕಿಯೊಬ್ಬರು ಕೇಳಿದಾಗ ‘ಮನಸ್ಸಿದ್ದರೆ ಮಾರ್ಗ’ ಎಂದು ಮುಗಿಸಿದರು. ಹಿಂದಿನ ವಾರವಿಡೀ ಮೇಡಂ ಕೆಡವಿದ್ದನ್ನು ಇವರು ಒಂದೇ ಗಾದೆಯಲ್ಲಿ ಮತ್ತೆ ಕಟ್ಟಿದಂತಾಯಿತು. ಇಬ್ಬರೂ ಒಬ್ಬರ ಪಾಠವನ್ನು ಇನ್ನೊಬ್ಬರು ಒಮ್ಮೆಯಾದರೂ ಕೇಳಿ ಕುಳಿತಿದ್ದರೆ ಈ ಎಡವಟ್ಟು ತಪ್ಪುತ್ತಿತ್ತು.

ಚಹಾದ ಜೊತೆ ಕೊಡುತ್ತಿದ್ದ ಬನ್ಸಿನ ವಿಷಯವನ್ನೂ ಇಲ್ಲಿ ಹೇಳಬೇಕು, ಏಕೆಂದರೆ ಅದೂ ಪಾಠದ ಭಾಗವೇ ಆಯಿತು. ಮೊದಲೆರಡು ವಾರ ಬಾಗಿಲ ಪಕ್ಕದ ಮೇಜಿನ ಮೇಲೆ ಬಿಸಿ ಬನ್ಸು, ಮೂಲೆಯಲ್ಲಿ ಬಾಳೆಹಣ್ಣು. ನಾಲ್ಕನೆಯ ವಾರ ಮೇಡಂ ಯಾರಿಗೂ ಹೇಳದೆ ಎರಡರ ಜಾಗವನ್ನೂ ಅದಲುಬದಲು ಮಾಡಿಸಿದ್ದರು. ಅಂದು ಬಾಳೆಹಣ್ಣಿನ ಬುಟ್ಟಿ ಮೊದಲು ಖಾಲಿಯಾಯಿತು. ಯಾರೂ ಮನಸ್ಸು ಬದಲಿಸಿರಲಿಲ್ಲ, ಮೇಜು ಬದಲಾಗಿತ್ತು ಎಂದು ಅವರು ತೋರಿಸಿಕೊಟ್ಟ ಮೇಲೆ ಎಲ್ಲರೂ ನಕ್ಕೆವು. ಅಂದು ಅತಿಥಿಯಾಗಿ ಬಂದಿದ್ದ ನಿವೃತ್ತ ವೈದ್ಯರು ಮಾತ್ರ ಕೋಣೆಯ ಆ ತುದಿಯವರೆಗೂ ನಡೆದು ಹೋಗಿ ಬನ್ಸನ್ನೇ ತಂದಿದ್ದರು. ಮನಸ್ಸಿದ್ದರೆ ಮಾರ್ಗ ಎಂಬುದಕ್ಕೆ ಅದೊಂದು ನಿದರ್ಶನ ಸಿಕ್ಕಿತು.

ಅದೇ ನಾಲ್ಕನೆಯ ಭಾನುವಾರ ಕವಳದ ಮೇಲೆ ನಡೆದ ಚರ್ಚೆ ಹೆಚ್ಚು ಕಾವೇರಿತು, ಕೊನೆಗೆ ಅರ್ಧಕ್ಕೇ ನಿಂತಿತು. ಸುತ್ತಲಿನವರು ತನ್ನಿಂದ ಏನು ನಿರೀಕ್ಷಿಸುತ್ತಾರೆ ಎಂಬ ಅಂದಾಜು ಮನುಷ್ಯನ ನಡತೆಯನ್ನು ತಿದ್ದುತ್ತದೆಂಬುದು ಐಸೆಕ್ ಐಜನ್ ಅವರ ಯೋಜಿತ ವರ್ತನೆಯ ಸಿದ್ಧಾಂತದ ಒಂದು ಕಂಬ. ನಮ್ಮಲ್ಲಿ ಅದನ್ನು ವಿವರಿಸಲು ಕವಳದ ತಟ್ಟೆಗಿಂತ ಬೇರೆ ಉಪಕರಣ ಬೇಡ. ಮನೆಗೆ ಬಂದವರಿಗೆ ನೀರು, ಬೆಲ್ಲ, ಆಮೇಲೆ ಕವಳ; ಹಾಕುವುದಿಲ್ಲ ಎಂದರೆ ಏನೋ ಮುನಿಸಿದೆಯೆಂದು ತಿಳಿಯುವ ಹಿರಿಯರು ಈಗಲೂ ಇದ್ದಾರೆ. ತಟ್ಟೆಯಿಂದ ಹೊಗೆಸೊಪ್ಪನ್ನಷ್ಟೇ ಎತ್ತಿಟ್ಟು ಎಲೆ, ಸುಣ್ಣ, ಅಡಿಕೆ ಉಳಿಸಬಹುದಲ್ಲ ಎಂಬುದು ನಮ್ಮ ಗುಂಪಿನ ಸಲಹೆಯಾಗಿತ್ತು. ಆಗ ಮೇಡಂ, ತಂಬಾಕಿಲ್ಲದ ಕವಳವನ್ನೂ ಬರಿಯ ಅಡಿಕೆಯನ್ನೂ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿನಲ್ಲಿ ಸೇರಿಸಿ ಎರಡು ದಶಕ ಕಳೆದಿದೆ ಎಂದರು. ಕೋಣೆ ಮೌನವಾಯಿತು. ಅಲ್ಲಿದ್ದವರಲ್ಲಿ ಅರ್ಧಕ್ಕಿಂತ ಹೆಚ್ಚು ಜನರ ಮನೆಯ ಅನ್ನ ಅಡಿಕೆಯಿಂದಲೇ ಬರುವುದು. ತೋಟಗಾರರ ಸಹಕಾರ ಸಂಘ ಶಿರಸಿಯಲ್ಲಿ 1923ರಿಂದ ನಿಂತಿರುವುದೂ ಅದೇ ಬೆಳೆಯ ಮೇಲೆ. ‘ನಮ್ಮಜ್ಜ ತೊಂಬತ್ತರವರೆಗೆ ಕವಳ ಹಾಕಿದ್ದ’ ಎಂದರು ಒಬ್ಬರು, ‘ಅದು ಗುಟ್ಕಾದವರ ಮಾತು, ಅಡಿಕೆಯದಲ್ಲ’ ಎಂದರು ಮತ್ತೊಬ್ಬರು. 2013ರಲ್ಲಿ ರಾಜ್ಯದಲ್ಲಿ ಗುಟ್ಕಾ ನಿಷೇಧವಾದಾಗಲೂ ಇದೇ ಎರಡು ಮಾತು ನನ್ನ ಅಂಗಡಿಯ ಕಟ್ಟೆಯ ಮೇಲೆ ಕೇಳಿದ್ದೆ.

ಮನುಷ್ಯ ತನ್ನ ಜೀವನಾಧಾರಕ್ಕೆ ಎದುರಾದ ಸಾಕ್ಷ್ಯವನ್ನು ಹೇಗೆ ದೂರ ತಳ್ಳುತ್ತಾನೆ ಎಂಬುದಕ್ಕೆ ಆ ಕ್ಷಣ ನಾವೇ ಪಾಠವಾಗಿದ್ದೆವು. ಮೇಡಂ ಅದನ್ನು ಹಿಡಿದು ಮುಂದುವರಿಯಬೇಕಿತ್ತು. ಊಟದ ಹೊತ್ತಾಯಿತೆಂದು ಬಿಟ್ಟುಬಿಟ್ಟರು, ಮತ್ತೆ ಅದರ ಸುದ್ದಿ ತೆಗೆಯಲಿಲ್ಲ. ಸಂಕೋಚ ಅರ್ಥವಾಗುತ್ತದೆ, ಒಪ್ಪಿಗೆಯಾಗುವುದಿಲ್ಲ. ಊಟದ ನಂತರ ಅವರು ಆಯ್ದ ಉದಾಹರಣೆ ಹೆಚ್ಚು ಸುರಕ್ಷಿತವಾದದ್ದು: ಅಂಕೋಲಾ ತಾಲ್ಲೂಕಿನ ಬಡಗೇರಿಯ ಹಾಲಕ್ಕಿ ಸಮುದಾಯದ ಹಾಡುಗಾರ್ತಿ, 2017ರಲ್ಲಿ ಪದ್ಮಶ್ರೀ ಪಡೆದ ಸುಕ್ರಿ ಬೊಮ್ಮಗೌಡರು ಹೆಂಗಸರನ್ನು ಕೂಡಿಸಿಕೊಂಡು ಸಾರಾಯಿಯ ವಿರುದ್ಧ ನಿಂತದ್ದು. ಕುಡಿಯುವುದು ಒಬ್ಬನ ಚಟವೆಂದು ನೋಡುವ ಬದಲು ಕೇರಿಯ ಪ್ರಶ್ನೆಯೆಂದು ನೋಡಿದಾಗ ಏನು ಬದಲಾಗುತ್ತದೆ ಎಂಬುದನ್ನು ಮೇಡಂ ಚೆನ್ನಾಗಿಯೇ ಬಿಡಿಸಿದರು. ಅಡಿಕೆಯ ಮುಂದೆ ಮಾತ್ರ ಎಲ್ಲರೂ, ನಾನೂ ಸೇರಿ, ತಲೆ ತಗ್ಗಿಸಿದ್ದೆವು.

ನನ್ನ ಅರ್ಧ ಶೀಟಿನ ಪ್ರಶ್ನೆಗೆ ಉತ್ತರ ಐದನೆಯ ವಾರ ಸಿಕ್ಕಿತು, ಒಂದಲ್ಲ, ಎರಡು. ಮೊದಲನೆಯದು ರೋಗದ ಬಗ್ಗೆ ರೋಗಿ ತಾನೇ ಕಟ್ಟಿಕೊಳ್ಳುವ ವಿವರಣೆ. ಲೆವೆಂಥಾಲ್ ಮತ್ತು ಸಂಗಡಿಗರು 1985ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ರಕ್ತದೊತ್ತಡದ ರೋಗಿಗಳಲ್ಲಿ ಹೆಚ್ಚಿನವರು, ಒತ್ತಡ ಏರಿದ್ದು ಮೈಗೆ ತಿಳಿಯುವುದಿಲ್ಲವೆಂಬುದನ್ನು ಒಪ್ಪಿಕೊಂಡೂ, ತನ್ನ ಮಟ್ಟಿಗೆ ತಿಳಿಯುತ್ತದೆ ಎಂದು ನಂಬಿದ್ದರು. ತಲೆನೋವೋ ಮುಖ ಬಿಸಿಯಾಗುವುದೋ ಅವರ ಅಳತೆಗೋಲು. ‘ತಲೆ ತಿರುಗೂದಿಲ್ಲ, ಮತ್ತೆ ಗುಳಿಗೆ ಎಂತಕ್ಕೆ?’ ಎಂದು ನನ್ನ ಗಿರಾಕಿಗಳು ಕೇಳುವುದನ್ನು ನಾನು ಅಜ್ಞಾನವೆಂದು ಎಣಿಸಿದ್ದೆ. ಅದೊಂದು ಲೆಕ್ಕಾಚಾರ, ಲೆಕ್ಕ ತಪ್ಪಾಗಿರಬಹುದು, ಆದರೆ ಜ್ವರ ಬಿಟ್ಟ ಮೇಲೆ ಜ್ವರದ ಗುಳಿಗೆ ನಿಲ್ಲಿಸಿ ಎಂದು ನಾನೇ ಹೇಳಿಕೊಟ್ಟ ಲೆಕ್ಕವೇ ಅದು.

ಎರಡನೆಯ ಉತ್ತರ ಕಡಲಿನದು. ಪ್ರತಿ ವರ್ಷ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ದೋಣಿಗಳು ಮೀನುಗಾರಿಕೆಗೆ ಇಳಿಯುವಂತಿಲ್ಲ. ಮನೆಗೆ ಹೋಗಿ ನನ್ನ ಸಾಲದ ಪುಸ್ತಕವನ್ನು ತಿರುವಿ ನೋಡಿದರೆ, ಅರ್ಧ ಶೀಟುಗಳು ಹೆಚ್ಚಾಗಿ ಆ ಎರಡು ತಿಂಗಳಲ್ಲೇ ಬಿದ್ದಿವೆ. ಬೋಟಿಗೆ ಹೋಗುವವರ ಮನೆಗಳವು. ಅದೇ ಗುಳಿಗೆ ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಉಚಿತವಾಗಿ ಸಿಗುತ್ತದೆಂದು ನಾನು ಯಾರಿಗೂ ಹೇಳಿದವನಲ್ಲ. ವ್ಯಾಪಾರಿಯಾಗಿ ಅದಕ್ಕೆ ನನ್ನಲ್ಲಿ ಕಾರಣವಿತ್ತು, ಇಲ್ಲಿ ಬರೆಯುವಷ್ಟು ಗೌರವದ ಕಾರಣವಲ್ಲ. ಸೂಸನ್ ಮಿಚಿ ಮತ್ತು ಸಂಗಡಿಗರು 2011ರಲ್ಲಿ ಮುಂದಿಟ್ಟ ಚೌಕಟ್ಟಿನ ಪ್ರಕಾರ ಒಂದು ನಡತೆ ನಡೆಯಬೇಕಾದರೆ ಸಾಮರ್ಥ್ಯ, ಅವಕಾಶ, ಪ್ರೇರಣೆ ಮೂರೂ ಬೇಕು. ಮೇಡಂ ಅದನ್ನು ವಿವರಿಸುವಾಗ ನಾನು ಟಿಪ್ಪಣಿ ಬರೆಯುವುದನ್ನು ಬಿಟ್ಟು ಆ ಸಾಲದ ಪುಸ್ತಕವನ್ನೇ ನೆನೆಯುತ್ತಿದ್ದೆ. ಇಪ್ಪತ್ತೆರಡು ವರ್ಷ ನಾನು ಪ್ರೇರಣೆಯ ಮೇಲಷ್ಟೇ ಉಪದೇಶ ಮಾಡಿದ್ದೆ. ಅವಕಾಶದ ಕೀಲಿಕೈಯ ಒಂದು ಭಾಗ ನನ್ನ ಕೈಯಲ್ಲೇ ಇತ್ತು.

ಅದೇ ದಿನ ಮಧ್ಯಾಹ್ನ ಪ್ರೇರಣಾ ಸಂದರ್ಶನದ ಅಭ್ಯಾಸ. ವಿಲಿಯಂ ಮಿಲ್ಲರ್ ಮತ್ತು ಸ್ಟೀಫನ್ ರೋಲ್ನಿಕ್ ರೂಪಿಸಿದ ಈ ಮಾತುಕತೆಯ ಕ್ರಮದಲ್ಲಿ ಸಲಹೆಗಾರ ವಾದಿಸಬಾರದು. ಬದಲಾವಣೆಗೆ ಕಾರಣಗಳನ್ನು ಎದುರಿನವರ ಬಾಯಿಂದಲೇ ಹೊರಡಿಸಬೇಕು. ದಂತವೈದ್ಯರು ಬೀಡಿ ಸೇದುವವರ ಪಾತ್ರದಲ್ಲಿ, ನಾನು ನಾನಾಗಿಯೇ. ಮೂರು ನಿಮಿಷದಲ್ಲಿ ನಾನು ಏಳು ಬುದ್ಧಿವಾದ ಹೇಳಿದ್ದೆನೆಂದು ಎಣಿಸಿದವರು ತಿಳಿಸಿದರು; ಕೇಳಿದ ಪ್ರಶ್ನೆ ಒಂದು, ಅದೂ ‘ಗೊತ್ತಾಯಿತಲ್ಲ?’ ಎಂಬುದು. ಎರಡನೆಯ ಸಲ ಬಾಯಿ ಕಟ್ಟಿಕೊಂಡು ಕುಳಿತಾಗ ದಂತವೈದ್ಯರು ತಾವಾಗಿಯೇ ಮಗಳ ಕೆಮ್ಮಿನ ವಿಷಯ ತೆಗೆದರು. ಅದು ನಟನೆಯೋ ನಿಜವೋ ಇಂದಿಗೂ ನನಗೆ ತಿಳಿಯದು. ಇಂಥ ಅಭ್ಯಾಸಕ್ಕೆ ಒಂದೂವರೆ ಗಂಟೆ ಮಾತ್ರ ಕೊಟ್ಟಿದ್ದು ದೊಡ್ಡ ಲೋಪ; ವೈದ್ಯರ ಸ್ಲೈಡುಗಳಿಂದ ಮೂರು ಗಂಟೆ ಕಿತ್ತು ಇಲ್ಲಿ ಸೇರಿಸಿದ್ದರೆ ಯಾರೂ ತಕರಾರು ಮಾಡುತ್ತಿರಲಿಲ್ಲ.

ಉಳಿದದ್ದನ್ನು ಬೇಗ ಹೇಳುತ್ತೇನೆ. ಬದಲಾವಣೆಯ ಹಂತಗಳನ್ನು, ಪ್ರೊಚಾಸ್ಕ ಮತ್ತು ಡಿಕ್ಲೆಮೆಂಟೆ ಧೂಮಪಾನ ಬಿಟ್ಟವರನ್ನು ನೋಡಿ 1983ರಲ್ಲಿ ಬರೆದದ್ದನ್ನು, ಮೆಟ್ಟಿಲುಗಳ ಚಿತ್ರ ಬರೆದು ವೈದ್ಯರು ಕಲಿಸಿದರು. ಆ ಮಾದರಿಯನ್ನೇ ಕೈಬಿಡಬೇಕೆಂದು ರಾಬರ್ಟ್ ವೆಸ್ಟ್ 2005ರಲ್ಲಿ ಬರೆದ ಕಟುವಾದ ಟೀಕೆಯನ್ನು ಮೇಡಂ ಮುಂದಿನ ವಾರ ಸೇರಿಸಬೇಕಾಯಿತು. ಇಪ್ಪತ್ತೊಂದು ದಿನ ಮಾಡಿದರೆ ಅಭ್ಯಾಸವಾಗುತ್ತದೆ ಎಂಬ ಮಾತು ಕೈಪಿಡಿಯಲ್ಲಿ ಹಾಗೆಯೇ ಅಚ್ಚಾಗಿದೆ. ಫಿಲಿಪಾ ಲ್ಯಾಲಿ ಮತ್ತು ಸಂಗಡಿಗರ 2010ರ ಅಧ್ಯಯನದಲ್ಲಿ ಮಧ್ಯಮ ಅವಧಿ 66 ದಿನ, ವ್ಯಕ್ತಿಯಿಂದ ವ್ಯಕ್ತಿಗೆ 18ರಿಂದ 254 ದಿನಗಳವರೆಗೆ ವ್ಯತ್ಯಾಸ. ಮುಂದಿನ ಮುದ್ರಣದಲ್ಲಾದರೂ ಇದನ್ನು ತಿದ್ದಬೇಕು. 1967ರಲ್ಲಿ ಲಂಡನ್ನಿನ ಸರ್ಕಾರಿ ನೌಕರರ ಮೇಲೆ ಆರಂಭವಾದ ವೈಟ್‌ಹಾಲ್ ಅಧ್ಯಯನ, ಹುದ್ದೆ ಕೆಳಗಾದಷ್ಟೂ ಹೃದ್ರೋಗದ ಸಾವು ಹೆಚ್ಚು, ಧೂಮಪಾನದಂಥ ಚಟಗಳ ಲೆಕ್ಕ ತೆಗೆದರೂ ಆ ಏಣಿ ಪೂರ್ತಿ ಮಾಯವಾಗುವುದಿಲ್ಲ ಎಂದು ತೋರಿಸಿದ ವಿಷಯಕ್ಕೆ ಹದಿನೈದು ನಿಮಿಷ ಸಿಕ್ಕಿತು. ದೊಡ್ಡ ಆಸ್ಪತ್ರೆಗೆಂದು ಮಂಗಳೂರು, ಮಣಿಪಾಲ, ಹುಬ್ಬಳ್ಳಿ, ಗೋವಾಗಳ ಹಾದಿ ಹಿಡಿಯುವ, ಅದಕ್ಕಾಗಿಯೇ ಬೀದಿಗಿಳಿದು ಬೇಡಿಕೆ ಇಟ್ಟ ಜಿಲ್ಲೆಯಲ್ಲಿ ಆ ಹದಿನೈದು ನಿಮಿಷ ಬಹಳ ಕಡಿಮೆಯಾಯಿತು.

ಪರೀಕ್ಷೆಯ ಬಗ್ಗೆ ನನಗೆ ಸಿಟ್ಟೇ ಇದೆ. ನಲವತ್ತು ಪ್ರಶ್ನೆ, ನಾಲ್ಕು ಆಯ್ಕೆ. ಯಾವ ಸಿದ್ಧಾಂತ ಯಾರದು, ಯಾವ ವರ್ಷದ್ದು. ತೈಲದ ಬಾಟಲಿಯನ್ನು ಗೂಡಿನಿಂದ ಇಳಿಸುವ ಯೋಚನೆಯನ್ನು ಕೊಟ್ಟ ಸಿದ್ದಾಪುರದ ಆ ಕಾರ್ಯಕರ್ತೆಗೆ ಬಂದ ಅಂಕ ನನಗಿಂತ ಕಡಿಮೆ. ನನಗೆ ಇಸವಿಗಳು ನೆನಪಿರುತ್ತವೆ, ಅಷ್ಟೇ. ಕೋಣೆ ಹೆದ್ದಾರಿಯ ಪಕ್ಕದಲ್ಲಿದ್ದು, ಕಿಟಕಿ ತೆರೆದರೆ ಲಾರಿಗಳ ಸದ್ದು, ಮುಚ್ಚಿದರೆ ಸೆಕೆ. ಊಟ ಮಾತ್ರ ಆರೂ ವಾರ ಚೆನ್ನಾಗಿತ್ತು: ಕುಚಲಕ್ಕಿ ಅನ್ನ, ತಂಬುಳಿ, ಒಂದು ಪಲ್ಯ.

ಹೋಗಬಹುದೇ ಎಂದು ಕೇಳಿದವರಿಗೆ ನನ್ನ ಉತ್ತರ ಹೀಗಿದೆ. ದಿನವೂ ಜನರಿಗೆ ‘ಬಿಡಿ’, ‘ಮಾಡಿ’ ಎಂದು ಹೇಳುವ ಕೆಲಸದಲ್ಲಿರುವವರು, ಮುಖ್ಯವಾಗಿ ಔಷಧ ಅಂಗಡಿಯವರು ಮತ್ತು ಶಿಕ್ಷಕರು, ಮೇಡಂ ಅವರ ನಾಲ್ಕು ಭಾನುವಾರಗಳಿಗಾಗಿ 2,400 ರೂಪಾಯಿ ಕೊಡಬಹುದು. ಬಡ್ತಿಗೆ ಪ್ರಮಾಣಪತ್ರ ಬೇಕಾದವರು ಅದಕ್ಕೆ ಎಲ್ಲಿ ಮಾನ್ಯತೆ ಇದೆಯೆಂದು ಮೊದಲೇ ಬರವಣಿಗೆಯಲ್ಲಿ ಕೇಳಿಕೊಳ್ಳುವುದು ಒಳ್ಳೆಯದು. ನಮ್ಮ ತಂಡದ ಇಬ್ಬರು ಶಿಕ್ಷಕರಿಗೆ ಅದು ಉಪಯೋಗಕ್ಕೆ ಬರಲಿಲ್ಲ. ಆಶಾ ಕಾರ್ಯಕರ್ತೆಯರಿಗೂ ಇದೇ ಶುಲ್ಕ ವಿಧಿಸಿರುವುದು ಸರಿಯಲ್ಲ. ಇದನ್ನು ಅಭಿಪ್ರಾಯದ ಹಾಳೆಯಲ್ಲಿ ಬರೆದು ಕೊಟ್ಟಿದ್ದೇನೆ, ಉತ್ತರ ಬಂದಿಲ್ಲ.

ಮುಂದಿನ ತಂಡ ಶಿರಸಿಯಲ್ಲಿ ನಡೆಯುತ್ತದೆಂದು ಕಳೆದ ವಾರ ಸುತ್ತೋಲೆ ಬಂದಿದೆ. ನಮ್ಮ ತಂಡದಲ್ಲಿ ಸಿದ್ದಾಪುರ ಕಡೆಯ ಮೂವರು ದಿನವೂ ತಡವಾಗಿ ಬಂದು ಹಾಜರಿಯ ಅಂಕ ಕಳೆದುಕೊಂಡಿದ್ದರು. ಕಾರಣವನ್ನು ಐದನೆಯ ವಾರ ಹಲಗೆಯ ಮೇಲೆ ‘ಅವಕಾಶ’ ಎಂಬ ಪದದ ಕೆಳಗೆ ಮೇಡಂ ಬರೆದೂ ಇದ್ದರು. ಸುತ್ತೋಲೆಯಲ್ಲಿ ಆರಂಭದ ಸಮಯ ಈ ಸಲವೂ ಬೆಳಗಿನ ಒಂಬತ್ತು ಗಂಟೆ, ತಡವಾದವರಿಗೆ ಅಂಕ ಕಡಿತ. ಆ ಕಾರ್ಯಕರ್ತೆಯ ಊರಿನಿಂದ ಭಾನುವಾರದ ಮೊದಲ ಬಸ್ಸು ಶಿರಸಿ ಮುಟ್ಟುವುದು ಹತ್ತೂಕಾಲಕ್ಕೆ.